ಚಹಾ ಅಂಗಡಿಯಲ್ಲಿ ಸಕ್ಕರೆ ಡಬ್ಬಿ ಎಲ್ಲಿರಬೇಕು?

ಕಾರವಾರದಿಂದ ಭಟ್ಕಳದವರೆಗೆ ಯಾವ ಆರೋಗ್ಯ ಶಿಬಿರಕ್ಕೆ ಹೋದರೂ ಬ್ಯಾನರ್ ಹೇಳುವುದು ಒಂದೇ: ಉಪ್ಪು, ಸಕ್ಕರೆ, ಎಣ್ಣೆ ಕಡಿಮೆ ಮಾಡಿ, ದಿನಾ ನಡೆಯಿರಿ. ಇದು ಗೊತ್ತಿಲ್ಲದವರು ಯಾರಿದ್ದಾರೆ? ಗೊತ್ತಿದ್ದೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಹುಡುಕಿ, ಆ ಅಡ್ಡಿ ತೆಗೆಯುವುದೇ ಸೋಶಿಯಲ್ ಮಾರ್ಕೆಟಿಂಗ್.

ಅಮೆರಿಕದ ಮಾರ್ಕೆಟಿಂಗ್ ತಜ್ಞರಾದ ಕೋಟ್ಲರ್ ಮತ್ತು ಝಾಲ್ಟ್‌ಮನ್ 1971ರಲ್ಲಿ ಇದಕ್ಕೆ ಹೆಸರಿಟ್ಟರು. ನಮ್ಮ ಸರ್ಕಾರ ಅದಕ್ಕೂ ಮೊದಲೇ, 1968ರಲ್ಲಿ, ನಿರೋಧ್ ಕಾಂಡೋಮ್ ಅನ್ನು ಮೂರಕ್ಕೆ 15 ಪೈಸೆಯಂತೆ ಮಾರಿತು. ಚಹಾಪುಡಿ, ಸೋಪು ಮಾರುವ ಕಂಪನಿಗಳ ಕೈಲೇ ಅದನ್ನು ಹಳ್ಳಿ ಅಂಗಡಿಗೆ ಮುಟ್ಟಿಸಿತು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1990ರ ದಶಕದಲ್ಲಿ "ಕೊಬ್ಬು ಕಡಿಮೆ ತಿನ್ನಿ" ಅನ್ನುವ ಉಪದೇಶ ಬಿಟ್ಟು, ಶೇ 1 ಅಥವಾ ಅದಕ್ಕಿಂತ ಕಡಿಮೆ ಕೊಬ್ಬಿನ ಹಾಲು ಕೊಳ್ಳಿ ಅಂತ ಅದೊಂದನ್ನೇ ಹೇಳಿದರು. ಫಲಿತಾಂಶವನ್ನು ಅಂಗಡಿಯ ಹಾಲಿನ ಮಾರಾಟದಲ್ಲೇ ನೋಡಿದರು.

ನಮ್ಮಲ್ಲಿ ಆ ಒಂದು ವಿಷಯ ಚಹಾದ ಸಕ್ಕರೆ ಆಗಲಿ ಅನ್ನುವುದು ನನ್ನ ವಾದ. ಅದೂ ಇಡೀ ಜಿಲ್ಲೆಗೆ ಬೇಡ. ಒಂದು ಬಸ್ ಸ್ಟ್ಯಾಂಡ್, ಅಲ್ಲಿನ ರಿಕ್ಷಾ ಚಾಲಕರು, ಸುತ್ತಲಿನ ನಾಲ್ಕೈದು ಅಂಗಡಿ ಸಾಕು. ಕಪ್ಪಿಗೆ 10 ಗ್ರಾಂನಂತೆ ದಿನಕ್ಕೆ ಐದು ಚಹಾ ಅಂದರೆ 50 ಗ್ರಾಂ ಸಕ್ಕರೆ. 2,000 ಕ್ಯಾಲೊರಿ ಊಟಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಅಲ್ಲಿಗೇ ಮುಗಿಯಿತು. 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತಲೂ ಅದು ಹೇಳುತ್ತದೆ.

ಈಗ ಅಂಗಡಿಯೊಳಗೆ ನೋಡಿ. ಹಾಲು, ಪುಡಿ, ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ. "ಸಕ್ಕರೆ ಕಮ್ಮಿ" ಅಂದವರಿಗೆ ಬೇರೆ ಪಾತ್ರೆ, ಬೇರೆ ಒಲೆ. ರಶ್ಶಿನ ಹೊತ್ತಲ್ಲಿ ಅಂಗಡಿಯವರ ಮುಖ ಗಂಟು. ಮೇಲಿಂದ ಪಕ್ಕದಲ್ಲಿದ್ದವರು "ಶುಗರ್ ಬಂತನಾ ಮಾರಾಯಾ?" ಅಂತ ಕೇಳುತ್ತಾರೆ. ಕಡಿಮೆ ಸಕ್ಕರೆಗೆ ಗಿರಾಕಿ ತೆರುವ ಬೆಲೆ ಇದು. ಇದನ್ನು ಇಳಿಸದೆ ಎಷ್ಟು ಬ್ಯಾನರ್ ಕಟ್ಟಿದರೂ ದಂಡ.

ಹಾಗಾಗಿ ಪಾತ್ರೆಗೇ ಸಕ್ಕರೆ ಹಾಕಬಾರದು. ಡಬ್ಬಿ ಹೊರಗೆ, ಗಿರಾಕಿಯ ಕೈಗೆ ಸಿಗುವಲ್ಲಿ ಇರಲಿ. ಚಮಚ ಸಣ್ಣದಿರಲಿ, 3 ಗ್ರಾಂ ಹಿಡಿಯುವಂಥದ್ದು. ದೊಡ್ಡ ಚಮಚ ಇಟ್ಟರೆ ಮೊದಲಿಗಿಂತ ಹೆಚ್ಚೇ ಸುರಿದುಕೊಂಡಾರು. ಕರಾವಳಿಯ ತೇವಕ್ಕೆ ಸಕ್ಕರೆ ಗಂಟು ಕಟ್ಟುತ್ತದೆ, ಇರುವೆ ಬೇರೆ. ಅದಕ್ಕೆ ಸಣ್ಣ ಬಿಗಿಮುಚ್ಚಳದ ಡಬ್ಬಿ, ದಿನದ್ದು ದಿನಕ್ಕೆ ತುಂಬಿಸುವುದು. ಚಹಾ ಒಲೆಯ ಮೇಲೇ ಬಹಳ ಹೊತ್ತು ಕುದಿದರೆ ಒಗರು ಬಂದು ಸಕ್ಕರೆ ಜಾಸ್ತಿ ಬೇಕಾಗುತ್ತದೆ. ಡಿಕಾಕ್ಷನ್ ಬೇರೆ ಇಟ್ಟುಕೊಳ್ಳುವುದು ಲೇಸು. ಅಂಗಡಿಯವರಿಗೆ ಆರೋಗ್ಯದ ಭಾಷಣ ಬೇಡ, ಲೆಕ್ಕ ಹೇಳಿ: ಕಪ್ಪಿಗೆ 10 ಗ್ರಾಂ ಇದ್ದದ್ದು 6ಕ್ಕೆ ಇಳಿದರೆ ನೂರು ಕಪ್ಪಿಗೆ 400 ಗ್ರಾಂ ಉಳಿತಾಯ. ಒಬ್ಬರೇ ಶುರು ಮಾಡಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾರೆ, ಸ್ಟ್ಯಾಂಡಿನವರೆಲ್ಲ ಒಂದೇ ದಿನ ಶುರು ಮಾಡಬೇಕು. ಅದಕ್ಕೂ ಮೊದಲು ಎರಡು ವಾರ ಖರ್ಚಾದ ಸಕ್ಕರೆ, ಮಾರಿದ ಕಪ್ಪು ಬರೆದಿಡಿ. ಇಲ್ಲದಿದ್ದರೆ ಆಮೇಲೆ ಫೋಟೋ ಬಿಟ್ಟು ತೋರಿಸಲು ಏನೂ ಇರುವುದಿಲ್ಲ.

ಕೋಲ್ಡ್ ಡ್ರಿಂಕ್ಸ್ ಬದಲು ನಮ್ಮ ಮುರುಗಲು (ಕೋಕಂ) ಶರಬತ್ತು ಕುಡಿಯಿರಿ ಅನ್ನುವವರಿಗೂ ಒಂದು ಮಾತು. ಆ ಸಿರಪ್ ಕೆಡದೆ ನಿಲ್ಲುವುದೇ ಸಕ್ಕರೆಯಿಂದ. ಒಣಸಿಪ್ಪೆ ನೆನೆಸಿ, ಜೀರಿಗೆ, ಚಿಟಿಕೆ ಉಪ್ಪು ಹಾಕಿದ ನೀರನ್ನು ಪ್ರಚಾರ ಮಾಡಿ, ತಕರಾರಿಲ್ಲ.

ನಡಿಗೆಯ ಕತೆಯೂ ಹೀಗೇ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ನಡೆಯುವವರಿಗೆ ಅಭಿಯಾನ ಬೇಕಿಲ್ಲ. ಬೇಕಾದದ್ದು ಮನೆಗೆಲಸದಲ್ಲಿ ಮುಳುಗಿದ ಅಕ್ಕಂದಿರಿಗೆ. ಅವರ ಅಡ್ಡಿ ನಾಯಿ, ಬೀದಿದೀಪ, "ಇವಳೆಲ್ಲಿ ಹೊರಟಳು" ಅನ್ನುವ ಕಣ್ಣು. ಮಹಿಳಾ ಸಂಘದ ಐದಾರು ಜನ ಒಟ್ಟಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟ ಕೂಡಲೇ ಅರ್ಧ ತಾಸು, ವಾರಕ್ಕೆ ಐದು ದಿನ ನಡೆದರೆ ವಾರಕ್ಕೆ ಕನಿಷ್ಠ ಬೇಕು ಅನ್ನುವ 150 ನಿಮಿಷ ಆಯಿತು. ಹೃದಯಾಘಾತದ ಹೆದರಿಕೆ ಹುಟ್ಟಿಸುವ ಬದಲು ಗೆಳತಿಯರ ಜೊತೆ ಸಿಗುವ ಆ ಅರ್ಧ ತಾಸನ್ನೇ ಮುಂದಿಡಿ. ಘೋಷವಾಕ್ಯ ಅಚ್ಚು ಹಾಕಿಸುವ ಮೊದಲು ಅವರಲ್ಲೇ ಆರೇಳು ಮಂದಿಗೆ ಓದಿ, ಏನರ್ಥವಾಯಿತು ಅಂತ ಅವರ ಬಾಯಲ್ಲೇ ಕೇಳಿ.

ಮತ್ತೆ ದಯವಿಟ್ಟು ಜೂನ್‌ನಲ್ಲಿ ಉದ್ಘಾಟನೆ ಇಟ್ಟುಕೊಳ್ಳಬೇಡಿ. ನಮ್ಮ ಮಳೆಯಲ್ಲಿ ಎರಡನೇ ವಾರಕ್ಕೇ ಗುಂಪು ಕರಗುತ್ತದೆ. ಅಕ್ಟೋಬರ್‌ನಲ್ಲಿ ಶುರು ಮಾಡಿ, ಮೇ ಮುಗಿಯುವುದರೊಳಗೆ ಮಳೆಗಾಲದ ನಡಿಗೆಗೆ ಸಭಾಭವನವೋ ಶಾಲೆಯ ಜಗಲಿಯೋ ಮಾತಾಡಿಟ್ಟುಕೊಳ್ಳಿ, ಬೀಗದ ಕೈ ಯಾರ ಹತ್ತಿರ ಅನ್ನುವುದೂ ಸೇರಿ.