‘ಸಂಕಟ’ದ ಪಾಠ ಮತ್ತು ತಿರಸ್ಕೃತವಾದ ಪ್ರಬಂಧ

ಮಂಡ್ಯದ ಕಡೆಯ ಅಜ್ಜಿಯೊಬ್ಬರು "ಸಂಕಟ ಆಯ್ತದೆ ಕಣವ್ವಾ" ಎಂದದ್ದನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳು ಮನೋವ್ಯಥೆ ಎಂದು ಕೇಸ್ ಶೀಟಿನಲ್ಲಿ ಬರೆದುಕೊಂಡಿದ್ದಳು. ಅಜ್ಜಿಗೆ ಆಗುತ್ತಿದ್ದುದು ವಾಕರಿಕೆ. ಮೈಸೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಅಂದಿನಿಂದ ಈ ಸೀಮೆಯ ರೋಗಿಗಳ ಮಾತನ್ನು ಪಾತ್ರಾಭಿನಯದ ಮೂಲಕ ಕಲಿಸತೊಡಗಿದೆ. ಎರಡು ವರ್ಷ ಕಲಿಸಿದ ಮೇಲೆ ಆ ಅನುಭವವನ್ನು ಪ್ರಬಂಧವಾಗಿಸಿ ಜರ್ನಲ್ ಒಂದಕ್ಕೆ ಕಳುಹಿಸಿದರೆ, ಅದು ತಿರಸ್ಕೃತವಾಗಿ ಬಂತು.

ಮೊದಲು ಸಿಟ್ಟು ಬಂದಿತ್ತು. ವಿಮರ್ಶಕರ ಟಿಪ್ಪಣಿಯನ್ನು ಮತ್ತೆ ಓದಿದಾಗ ತಪ್ಪು ನನ್ನದೇ ಎಂದು ಒಪ್ಪಬೇಕಾಯಿತು. ನನ್ನ ಬಳಿ ಇದ್ದ ಪುರಾವೆಯೆಂದರೆ ‘ತರಗತಿ ಇಷ್ಟವಾಯಿತೇ?’ ಎಂದು ಕೇಳಿದ ಫೀಡ್‌ಬ್ಯಾಕ್ ಫಾರಂ ಮಾತ್ರ. ಕಿರ್ಕ್‌ಪ್ಯಾಟ್ರಿಕ್ ಮಾದರಿಯು ತರಬೇತಿಯನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ನಾಲ್ಕು ಹಂತಗಳಲ್ಲಿ ಅಳೆಯುತ್ತದೆ. ನಾನು ನಿಂತದ್ದು ಮೊದಲ ಮೆಟ್ಟಿಲಿನಲ್ಲಿ. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ, ರೋಗಿಯೊಡನೆ ಮಾತಾಡುವಂಥ ಕೌಶಲವನ್ನು ಚೆಕ್‌ಲಿಸ್ಟ್ ಹಿಡಿದು ಅಳೆಯುವ, ನಾವೆಲ್ಲ ‘ಆಸ್ಕಿ’ (OSCE) ಎಂದು ಕರೆಯುವ ಪರೀಕ್ಷಾ ವಿಧಾನ ನಮ್ಮಲ್ಲಿ ಬಳಕೆಯಲ್ಲಿದ್ದರೂ, ಪಾಠಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅದೇ ಚೆಕ್‌ಲಿಸ್ಟ್ ಹಿಡಿದು ವಿದ್ಯಾರ್ಥಿಗಳನ್ನು ಪರೀಕ್ಷಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಸಂಶೋಧನೆಯ ನೈತಿಕತೆಯನ್ನು ನೋಡುವ ಎಥಿಕ್ಸ್ ಕಮಿಟಿಯ ಅನುಮತಿಯನ್ನೂ ಪಡೆದಿರಲಿಲ್ಲ. ಮುಗಿದ ಅಧ್ಯಯನಕ್ಕೆ ಹಿಂದಿನ ದಿನಾಂಕ ಹಾಕಿ ಅನುಮತಿ ಕೊಡಿ ಎಂದು ಯಾರನ್ನು ಕೇಳುವುದು?

2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂದ ಮೇಲೆ ಹೊಸ ಬಗೆಯಲ್ಲಿ ಕಲಿಸುವ ಅಧ್ಯಾಪಕರನ್ನು ಮೈಸೂರಿನಲ್ಲೂ ಮಂಡ್ಯದಲ್ಲೂ ಕಂಡಿದ್ದೇನೆ. ಅವರ ಬಹುಪಾಲು ಕೆಲಸ ಪೆನ್‌ಡ್ರೈವಿನಲ್ಲೇ ಉಳಿಯುತ್ತದೆ. ಬಡ್ತಿಗೆ ಪ್ರಬಂಧ ಬೇಕೆಂದಾಗ ಮಾತ್ರ ಅವಸರದಲ್ಲಿ ಏನನ್ನೋ ಹೊಸೆದು, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲಿಗೆ ಕಳುಹಿಸುವವರೂ ಇದ್ದಾರೆ. (ನನಗೂ ಅಂಥ ಇಮೇಲ್‌ಗಳು ದಿನಾ ಬರುತ್ತವೆ, ‘ಮಾನ್ಯ ಗಣ್ಯ ವಿಜ್ಞಾನಿಗಳೇ’ ಎಂಬ ಸಂಬೋಧನೆಯೊಂದಿಗೆ.)

ಬೋಧನೆಯೂ ವಿದ್ವತ್ತೇ ಎಂದು ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬೋಯರ್ 1990ರಲ್ಲೇ ವಾದಿಸಿದರು. 1997ರಲ್ಲಿ ಗ್ಲಾಸಿಕ್ ಮತ್ತು ಸಂಗಡಿಗರು ಅದಕ್ಕೆ ಆರು ಅಳತೆಗೋಲುಗಳನ್ನು ಕೊಟ್ಟರು: ಸ್ಪಷ್ಟ ಗುರಿ, ಸಾಕಷ್ಟು ಸಿದ್ಧತೆ, ತಕ್ಕ ವಿಧಾನ, ಗಣನೀಯ ಫಲಿತಾಂಶ, ಸಮರ್ಥ ನಿರೂಪಣೆ, ಆತ್ಮವಿಮರ್ಶೆ. ಇವುಗಳಲ್ಲಿ ಮೊದಲ ಮೂರು ಪಾಠಕ್ಕೆ ಮುಂಚೆಯೇ ಆಗಬೇಕಾದವು. ನಾವು ಐದನೆಯದರಿಂದ ಶುರು ಮಾಡುತ್ತೇವೆ. ಪ್ರಬಂಧವೇ ಆಗಬೇಕೆಂದೂ ಇಲ್ಲ. ಅಮೆರಿಕದ ಮೆಡ್‌ಎಡ್‌ಪೋರ್ಟಲ್ ಎಂಬ ಜರ್ನಲ್ ಬೋಧನಾ ಸಾಮಗ್ರಿಯನ್ನೇ ತಜ್ಞರ ವಿಮರ್ಶೆಗೆ ಒಳಪಡಿಸಿ, ಬೇರೆಯವರು ಬಳಸಲು ಬರುವಂತೆ ಪ್ರಕಟಿಸುತ್ತದೆ.

ಈ ವರ್ಷ ಪಾಠ ಆರಂಭವಾಗುವ ಮೊದಲೇ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ್ದೇನೆ. ಇಂಟರ್ನಲ್ಸ್ ಅಂಕ ಕೊಡುವವನೇ ಅಧ್ಯಯನದಲ್ಲಿ ಪಾಲ್ಗೊಳ್ಳಲು ಒಪ್ಪಿಗೆ ಪತ್ರ ಹಿಡಿದು ನಿಂತರೆ ಯಾವ ವಿದ್ಯಾರ್ಥಿ ತಾನೇ ಒಲ್ಲೆ ಎನ್ನುತ್ತಾನೆ? ಹಾಗಾಗಿ ಸಹಿ ಪಡೆಯುವ ಕೆಲಸವನ್ನು ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದ್ದೇನೆ.