ಪಹಣಿಯಲ್ಲಿ ಮುತ್ಯಾ ಚಿರಾಯು

ಸರ್ಕಾರಕ್ಕೆ ಸತ್ತವರ ಮೇಲೆ ಒಂದಿಷ್ಟೂ ಕನಿಕರ ಇಲ್ಲ. ಬದುಕಿದ್ದಷ್ಟು ದಿನ ತಹಸೀಲ್ ಕಚೇರಿ ಕಟ್ಟೆ ಸವೆಸಿದ ಹಿರಿಯರು ಸತ್ತ ಮೇಲಾದರೂ ಪಹಣಿಯ 9ನೇ ಕಾಲಂನಲ್ಲಿ, ಮಾಲಕರ ಹೆಸರಿನ ಜಾಗದಲ್ಲಿ, ನಿಶ್ಚಿಂತೆಯಿಂದ ಮಲಗಿದ್ದರು. ಈಗ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ‘ಇ-ಪೌತಿ ಆಂದೋಲನ’ ಅಂತ ಹೇಳಿ ಅವರನ್ನೂ ಎಬ್ಬಿಸುತ್ತಿದ್ದಾರೆ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಜಮೀನು ತೀರಿಹೋದವರ ಹೆಸರಿನಲ್ಲೇ ಇರುವುದು ಕಂದಾಯ ಇಲಾಖೆಗೆ ಗೊತ್ತಾಯಿತಂತೆ. ಇಲಾಖೆಗೆ ಗೊತ್ತಾಯಿತು ಎನ್ನುವುದೇ ದೊಡ್ಡ ಸುದ್ದಿ. ಊರಿಗೆಲ್ಲ ಯಾವತ್ತೋ ಗೊತ್ತಿತ್ತು.

ನಮ್ಮ ಭಾಗದ ಮುತ್ಯಾಗಳಿಗಂತೂ, ಅಂದರೆ ಅಜ್ಜಂದಿರಿಗೆ, ಇದು ತೀರಾ ಅನ್ಯಾಯ. ಅವರು ಏನೇನು ದಾಟಿ ಉಳಿದವರು! ನಿಜಾಮ ಹೋದ. ಹೈದರಾಬಾದ್ ರಾಜ್ಯ ಹೋಯಿತು. 1956ರಲ್ಲಿ ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು, ಆ ಮೈಸೂರೂ 1973ರಲ್ಲಿ ಕರ್ನಾಟಕವಾಯಿತು. ಕೈಬರಹದ ಪಹಣಿ ಹೋಗಿ ‘ಭೂಮಿ’ ತಂತ್ರಾಂಶ ಬಂತು. ಯಾದಗಿರಿ ಬೇರೆ ಜಿಲ್ಲೆಯಾಯಿತು, ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಇಡೀ ಸೀಮೆಯ ಹೆಸರೇ ಬದಲಾದರೂ ಸರ್ವೆ ನಂಬರಿನ ಮುಂದಿನ ‘ಶರಣಪ್ಪ ತಂದೆ ಬಸಣ್ಣ’ ಮಾತ್ರ ಅಲುಗಾಡಿಲ್ಲ.

ಮಾಲಕನಾಗಿ ಮುತ್ಯಾನಂಥವನು ಇನ್ನೊಬ್ಬ ಸಿಗಲಾರ. ಹೊಲ ಮಾರುವುದಿಲ್ಲ, ಒತ್ತೆ ಇಡುವುದಿಲ್ಲ, ಸಾಲ ಮನ್ನಾ ಮಾಡಿ ಎಂದು ಕಲಬುರಗಿಯ ಜಗತ್ ವೃತ್ತದಲ್ಲಿ ಧರಣಿ ಕೂರುವುದಿಲ್ಲ. ಇರುವ ದೋಷ ಒಂದೇ, ಹೆಬ್ಬೆರಳು ಒತ್ತಲು ಬರುವುದಿಲ್ಲ. ಆಧಾರ್ ಹುಟ್ಟುವ ಮೊದಲೇ ಹೋದವನಿಗೆ ಆಧಾರ್ ಎಲ್ಲಿಂದ ತರುವುದು? ಆಧಾರ್ ಇಲ್ಲದೆ ಸರ್ಕಾರದ ರೈತರ ಪಟ್ಟಿಯಾದ ಫ್ರೂಟ್ಸ್‌ನಲ್ಲಿ ನೋಂದಣಿ ಇಲ್ಲ, ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಇಲ್ಲ. ಎಫ್‌ಐಡಿ ಇಲ್ಲದವನ ತೊಗರಿ ಖರೀದಿ ಕೇಂದ್ರದ ತಕ್ಕಡಿ ಏರುವುದಿಲ್ಲ. ಬೆಂಬಲ ಬೆಲೆ (2025-26ಕ್ಕೆ) ಕ್ವಿಂಟಲ್‌ಗೆ 8,000 ಎಂದು ಬೋರ್ಡು ತೂಗುಹಾಕಿರುತ್ತಾರೆ. ಅದನ್ನು ಓದಿಕೊಂಡು ಮೊಮ್ಮಗ ಚೀಲಗಳನ್ನು ಸೀದಾ ಗಂಜಿನ (ಮಾರುಕಟ್ಟೆಯ) ಅಡತಿಗೆ ಇಳಿಸಿ, ಅಲ್ಲಿ ಹೇಳಿದ ರೇಟಿಗೆ ಕೊಟ್ಟು ಬರುತ್ತಾನೆ. 2025ರ ಮಳೆಗಾಲದಲ್ಲಿ ಭೀಮಾ ನದಿ ಹೊಲಕ್ಕೆ ನುಗ್ಗಿತು. ಒಣಬೇಸಾಯಕ್ಕೆ ಹೆಕ್ಟೇರಿಗೆ 8,500, ಅದರ ಮೇಲೆ ರಾಜ್ಯದ್ದು ಇನ್ನೊಂದು 8,500 ಎಂದು ಪರಿಹಾರ ಘೋಷಣೆಯಾಯಿತು. ಹಣ ನೇರ ಮಾಲಕನ ಆಧಾರ್ ಜೋಡಿಸಿದ ಖಾತೆಗೆ. ಮಾಲಕ ಗೋರಿಯಲ್ಲಿದ್ದಾನೆ, ಅಲ್ಲಿ ಬ್ಯಾಂಕಿನ ಶಾಖೆ ಇನ್ನೂ ತೆರೆದಿಲ್ಲ.

ಈ ಕಡೆ ನಿವೃತ್ತ ಮೇಷ್ಟ್ರ ಪಾಡು ನೋಡಿ. ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆ ಎಂದು ಬ್ಯಾಂಕಿಗೆ ಹೋಗಿ ರುಜುವಾತು ಮಾಡಬೇಕು. ಬೆರಳಿನ ಗೆರೆ ಸವೆದಿದ್ದರೆ ಕಣ್ಣಿನ ಪಾಪೆ ತೋರಿಸಬೇಕು. ಒಂದು ವರ್ಷ ತಪ್ಪಿಸಿದರೆ ಪಿಂಚಣಿ ನಿಂತಿತು. ಅದೇ ಸರ್ಕಾರ, ಅದೇ ತಾಲ್ಲೂಕು. ತಿಂಗಳ ಪಿಂಚಣಿ ಪಡೆಯುವವ ವರ್ಷಕ್ಕೊಮ್ಮೆ ಜೀವ ತೋರಿಸಬೇಕು, ಹದಿನಾರು ಎಕರೆ ಇಟ್ಟುಕೊಂಡವನನ್ನು ನಲವತ್ತು ವರ್ಷ ಯಾರೂ ಕೇಳುವುದಿಲ್ಲ. ಮೇಷ್ಟ್ರು ಪಿಂಚಣಿಯನ್ನೂ ಪಹಣಿಯಲ್ಲೇ ಬರೆಸಿಕೊಂಡಿದ್ದರೆ ಚೆನ್ನಾಗಿತ್ತು.

ಹೆಸರು ಯಾಕೆ ಬದಲಿಸಿಲ್ಲ ಎಂದು ಕೇಳಿ ನೋಡಿ. ‘ಅಣ್ತಮ್ರೊಳಗ ಜಗಳ ಇಲ್ರಿ, ಮುತ್ಯಾನ ಹೆಸ್ರಿಲೇ ಅದ, ನಡೀತದ ಬಿಡ್ರಿ’ ಅನ್ನುತ್ತಾರೆ. ಎಂಥ ಒಗ್ಗಟ್ಟು! ಕಚೇರಿ ಅಲೆಸುತ್ತದೆ ಎಂಬ ದೂರೂ ಇದೆ, ಅದು ಸುಳ್ಳಲ್ಲ. ಮರಣ ಪ್ರಮಾಣಪತ್ರ ಬೇಕು. 21 ದಿನದೊಳಗೆ ಬರೆಸಿದ್ದರೆ ಪುಕ್ಕಟೆ ಆಗುತ್ತಿತ್ತು, ವರ್ಷ ಮೀರಿದ ಸಾವಿಗೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. 1978ರಲ್ಲಿ ಸತ್ತವನು 2026ರಲ್ಲಿ ಆದೇಶಕ್ಕಾಗಿ ಸಾಲಿನಲ್ಲಿ ನಿಲ್ಲಬೇಕು. ಪಹಣಿಯಲ್ಲಿ ಶರಣಪ್ಪ, ಪಡಿತರ ಚೀಟಿಯಲ್ಲಿ ಶರಣಬಸಪ್ಪ, ಮಗನ ಶಾಲೆ ದಾಖಲೆಯಲ್ಲಿ ಶರಣಯ್ಯ. ಮೂವರೂ ಒಬ್ಬನೇ ಎಂದು ಅಫಿಡವಿಟ್. ಇದಾದ ಮೇಲೆ ನಾಡಕಚೇರಿಗೆ ವಂಶವೃಕ್ಷದ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ, ನೋಟಿಸು, ತಕರಾರಿಗೆ ಕಾಲಾವಕಾಶ. ತಕರಾರು ಬಂದರೆ ತಹಸೀಲ್ದಾರರ ಮುಂದೆ ವಿಚಾರಣೆ, ಮೇಲ್ಮನವಿ ಉಪವಿಭಾಗಾಧಿಕಾರಿಗೆ, ಅದರ ಮೇಲೆ ಜಿಲ್ಲಾಧಿಕಾರಿಗೆ. ಇಷ್ಟೆಲ್ಲ ಆದರೂ ಖಾತೆ ಬದಲಾದದ್ದು ಕಂದಾಯದ ಲೆಕ್ಕಕ್ಕೆ ಮಾತ್ರ. ಹಕ್ಕು ಯಾರದು ಎಂದು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು.

ಆದರೆ ಕಚೇರಿಯ ಅಲೆದಾಟ ಅರ್ಧ ಕಾರಣ. ಇನ್ನರ್ಧ ವಂಶವೃಕ್ಷದಲ್ಲಿದೆ. ಅದರಲ್ಲಿ ಅಕ್ಕ-ತಂಗಿಯರ ಹೆಸರು ಬರೆಯಬೇಕಾಗುತ್ತದೆ. ಮುತ್ಯಾ ಪಹಣಿಯಲ್ಲಿ ಇರುವವರೆಗೆ ಅತ್ತೆಯಂದಿರು, ಅಂದರೆ ಆತನ ಹೆಣ್ಣುಮಕ್ಕಳು, ಪಹಣಿಗೆ ಬರುವುದಿಲ್ಲ. ಇದಕ್ಕೇ ಆತನಿಗೆ ಇಷ್ಟು ಆಯುಷ್ಯ.

ಬದುಕಿದ್ದಾಗಲೇ ಒಂದು ಮೃತ್ಯುಪತ್ರ ಬರೆದಿಟ್ಟಿದ್ದರೆ? ಶಿವ ಶಿವಾ, ಬಿಡ್ತು ಅನ್ನಿ. ವಿಲ್ ಬರೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ. ಎಲ್‌ಐಸಿ ಏಜೆಂಟ್ ಮನೆಗೆ ಬಂದು ‘ನಾಳೆ ನಿಮಗೇನಾದ್ರೂ ಆದ್ರ’ ಎಂದು ಶುರು ಮಾಡಿದಾಗ ಆಗದ ಅಪಶಕುನ ವಕೀಲರು ಬಾಯಿ ತೆರೆದ ಕೂಡಲೇ ಆಗುತ್ತದೆ. ಹೋಗಲಿ, ಖರ್ಚಿನ ಭಯವೇ? ವಿಲ್‌ಗೆ ಛಾಪಾ ಕಾಗದ ಬೇಡ, ಸ್ಟಾಂಪ್ ಡ್ಯೂಟಿ ಇಲ್ಲ. ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಹಾಸಿಗೆ ಹಿಡಿದಿದ್ದರೆ ಅರ್ಜಿ ಕೊಟ್ಟು ಉಪನೋಂದಣಾಧಿಕಾರಿಯನ್ನು ಮನೆಗೇ ಕರೆಸಬಹುದು. ಮನಸ್ಸು ಬದಲಾದರೆ ಇನ್ನೊಂದು ಬರೆಯಬಹುದು, ಕೊನೆಯದೇ ಊರ್ಜಿತ. ಇಷ್ಟು ಅಗ್ಗದ ಕಾಗದ ನಮ್ಮ ಕಾನೂನಿನಲ್ಲಿ ಇನ್ನೊಂದಿಲ್ಲ. ಅಗ್ಗ ಎಂದೇ ಯಾರೂ ನಂಬುವುದಿಲ್ಲವೋ ಏನೋ.

ನಂಬಿ ಬರೆಸುವವರೂ ವಕೀಲರ ಫೀ ಉಳಿಸುವ ಜಾಣರು. ಬಾಂಡ್ ಪೇಪರ್ ತಂದು, ಪಕ್ಕದೂರಿನ ವಿಲ್‌ನಲ್ಲಿ ಹೆಸರಷ್ಟೇ ಬದಲಿಸಿ, ನೋಟರಿಯ ಕೆಂಪು ಮುದ್ರೆ ಹೊಡೆಸಿ ಕಪಾಟಿನಲ್ಲಿಡುತ್ತಾರೆ. ಮುದ್ರೆ ಎಷ್ಟು ಕೆಂಪಾಗಿದ್ದರೂ ಇಬ್ಬರು ಸಾಕ್ಷಿಗಳಿಲ್ಲದ ವಿಲ್ ನಿಲ್ಲುವುದಿಲ್ಲ. ಬರೆದವನು ಸಹಿ ಹಾಕಿದ್ದನ್ನು ಇಬ್ಬರೂ ನೋಡಿರಬೇಕು, ಇಲ್ಲವೇ ‘ಈ ಸಹಿ ನನ್ನದೇ’ ಎಂದು ಅವನ ಬಾಯಿಂದ ಕೇಳಿರಬೇಕು. ಆಮೇಲೆ ಅವನ ಎದುರಿಗೇ ತಾವು ಸಹಿ ಹಾಕಬೇಕು. ಸಾಕ್ಷಿಗಳ ಆಯ್ಕೆಯಂತೂ ನೋಡಲೇಬೇಕಾದ ದೃಶ್ಯ. 82ರ ಯಜಮಾನರು ಗೌರವದಿಂದ 85ರ ಗೆಳೆಯರನ್ನೂ 79ರ ನಿವೃತ್ತ ಪೊಲೀಸ್ ಪಾಟೀಲರನ್ನೂ ಕರೆಸುತ್ತಾರೆ. ವಿಲ್ ಕೋರ್ಟಿಗೆ ಬರುವ ಹೊತ್ತಿಗೆ ಮೂವರೂ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾರೆ. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕಟಕಟೆ ಹತ್ತಿ ಹೇಳಬೇಕು ಎನ್ನುತ್ತದೆ ಕಾನೂನು. ನಲವತ್ತರ ಆಸುಪಾಸಿನ, ಆಸ್ತಿಯಲ್ಲಿ ಪಾಲಿಲ್ಲದ, ಊರು ಬಿಟ್ಟು ಹೋಗದ ಇಬ್ಬರು ಸಾಕಿತ್ತು.

ಆಸ್ತಿಯ ವಿವರ ಇನ್ನೂ ಸೊಗಸು. ‘ಊರ ಮುಂದಿನ ಹೊಲ ಹಿರಿಯವನಿಗೆ, ಹಳ್ಳದ ಹೊಲ ಕಿರಿಯವನಿಗೆ.’ ಸರ್ವೆ ನಂಬರಿಲ್ಲ, ಹಿಸ್ಸಾ ಇಲ್ಲ, ಎಕರೆ-ಗುಂಟೆ ಇಲ್ಲ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇಲ್ಲ. ಹಳ್ಳ ದಿಕ್ಕು ಬದಲಿಸಿ ಇಪ್ಪತ್ತು ವರ್ಷವಾಯಿತು. ಅದಕ್ಕೇ ವಕೀಲರು ಮೊದಲು ಪಹಣಿ, ಮುಟೇಷನ್ ಪ್ರತಿ, ಋಣಭಾರ ಪತ್ರ, ಮನೆಯದಾದರೆ ಇ-ಸ್ವತ್ತು ಅಥವಾ ಇ-ಖಾತಾ ಕೇಳುತ್ತಾರೆ. ಕೇಳಿ ಎರಡು ಗುಂಪು ಮಾಡುತ್ತಾರೆ: ಸ್ವಯಾರ್ಜಿತ, ಪಿತ್ರಾರ್ಜಿತ. ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟಕ್ಕೇ ವಿಲ್ ಬರೆಯಬಹುದು. ಹದಿನಾರು ಎಕರೆಯನ್ನೂ ಬರೆದಿಟ್ಟು ಹೋದವನು ಮಗನಿಗೆ ಬಿಟ್ಟದ್ದು ಆಸ್ತಿಯೋ ದಾವೆಯೋ ಎಂದು ವಿಂಗಡಿಸುವುದು ಕಷ್ಟ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕವೇ ಬೇರೆ. ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಷ್ಟೇ ವಸಿಯತ್, ಅದೂ ವಾರಸುದಾರನ ಹೆಸರಿಗಾದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಇದನ್ನು ಹೇಳಲು ಕೂತ ವಕೀಲರಿಗೆ ‘ನೀವೇ ಜಗಳ ಹಚ್ಚತೀರಿ’ ಎಂಬ ಬಿರುದು ಸಿಗುತ್ತದೆ.

ಬರೆದದ್ದನ್ನು ಇಡುವುದೆಲ್ಲಿ? ಒಂದೇ ಹೆಸರಿನ ಬ್ಯಾಂಕ್ ಲಾಕರ್‌ನಲ್ಲಿ! ಲಾಕರ್ ಯಾರಿಗೆ ಸೇರಬೇಕೆಂದು ವಿಲ್‌ನಲ್ಲಿದೆ, ವಿಲ್ ಲಾಕರ್‌ನಲ್ಲಿದೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಠೇವಣಿ ಇಡಬಹುದೆಂದು 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ನೂರು ವರ್ಷದ ಮೇಲಾಯಿತು, ಸುದ್ದಿ ಇನ್ನೂ ಊರು ಮುಟ್ಟಿಲ್ಲ. ‘ನಾಮಿನಿ ಹಾಕೀವ್ರಿ, ವಿಲ್ ಯಾಕ?’ ಎನ್ನುವವರೂ ಇದ್ದಾರೆ. ಬ್ಯಾಂಕಿನ ನಾಮಿನಿ ಹಣ ಕೈಗೆ ಪಡೆಯುವವನು, ವಾರಸುದಾರರಿಗೆ ಒಪ್ಪಿಸಬೇಕಾದವನು. 2025ರ ನವೆಂಬರ್‌ನಿಂದ ನಾಲ್ವರನ್ನು ನಾಮಿನಿ ಮಾಡಬಹುದು. ಒಬ್ಬನ ಜೊತೆ ಆಡುತ್ತಿದ್ದ ಜಗಳ ಇನ್ನು ನಾಲ್ವರ ಜೊತೆ ಆಡಬಹುದು. ಇನ್ನು ವಿಲ್ ಗೊಡವೆಯೇ ಬೇಡವೆಂದು ಎಲ್ಲವನ್ನೂ ಈಗಲೇ ಮಗನಿಗೆ ದಾನಪತ್ರ ಮಾಡಿಕೊಟ್ಟು, ಮರುತಿಂಗಳಿಂದ ರೊಟ್ಟಿಗೆ ಸೊಸೆಯ ಮುಖ ನೋಡುವವರು. ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಒಂದು ಸಾಲು ದಾನಪತ್ರದಲ್ಲಿ ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸುವ ದಾರಿ ಸಲೀಸು. ಆ ಸಾಲು ಬರೆಸಲು ಅಪ್ಪನಿಗೆ ಸಂಕೋಚ, ಬರೆಸದಿರಲು ಮಗನಿಗೆ ಸಂಕೋಚವಿಲ್ಲ.

ಅತ್ತೆಯಂದಿರ ಮಾತು ಅರ್ಧಕ್ಕೆ ನಿಂತಿತ್ತು. ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸುತ್ತಾರೆ. ಜೋಕಾಲಿ, ಉಂಡಿ, ಸೀರೆ-ಕುಪ್ಪಸ. ಮೂರನೇ ದಿನ ಬಸ್ಸಿಗೆ ಹೊರಟಾಗ ಅಣ್ಣ ಒಂದು ಕಾಗದ ತೆಗೆಯುತ್ತಾನೆ. ‘ತಂಗಿ, ಇಲ್ಲೊಂದು ಸಹಿ ಮಾಡವ್ವ, ಪಹಣಿ ಕೆಲ್ಸಕ್ಕ ಬೇಕಾಗೇದ.’ ಏನು ಬರೆದಿದೆ ಎಂದು ಓದಿ ಹೇಳುವುದಿಲ್ಲ, ಕೆಲವು ಸಲ ಏನೂ ಬರೆದೇ ಇರುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗದಿದ್ದರೆ ಅದು ಹಕ್ಕುಬಿಡುಗಡೆಯೇ ಅಲ್ಲ. ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಪಾಲುದಾರಳು ಎಂದು 2005ರ ತಿದ್ದುಪಡಿ ಹೇಳಿತು. ಅದು ಜಾರಿಯಾದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಾಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಇದೆಲ್ಲ ಅಣ್ಣನಿಗೆ ಗೊತ್ತು, ಗೊತ್ತಿದ್ದೇ ಕಾಗದ ತೆಗೆದಿದ್ದಾನೆ. ಆಕೆ ಸಹಿ ಹಾಕುತ್ತಾಳೆ. ಹಾಕದಿದ್ದರೆ ಮುಂದಿನ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ, ಅದು ಆಕೆಗೆ ಗೊತ್ತು. ವರದಕ್ಷಿಣೆ ಕೊಟ್ಟೀವಲ್ಲ ಎನ್ನುತ್ತಾರೆ, ಅಪರಾಧವನ್ನೇ ರಸೀದಿ ಮಾಡಿಕೊಂಡು. ವಂಶವೃಕ್ಷದಲ್ಲಿ ಆಕೆಯ ಹೆಸರನ್ನೇ ಬಿಟ್ಟು, ಪಂಚರಿಂದ ಸಹಿ ಹಾಕಿಸಿ, ಸುಳ್ಳು ಅಫಿಡವಿಟ್ ಕೊಟ್ಟು ಬರುವವರೂ ಇದ್ದಾರೆ. ಇದನ್ನು ಮಾಡುವವರು ಕಳ್ಳರಲ್ಲ, ದಿನಾ ಇಷ್ಟಲಿಂಗ ಪೂಜೆ ಮಾಡುವವರು, ಊರ ಜಾತ್ರೆಗೆ ದಾಸೋಹ ಹಾಕಿಸುವವರು. ನಗೆಯಾಡಿ ಸಾಕಾಗಿದೆ.

ಇರಲಿ. ಕೊನೆಗೆ ಒಬ್ಬ ತಂಗಿ ಸಹಿ ಹಾಕುವುದಿಲ್ಲ. ಪಾಲಿನ ದಾವೆ ಶುರು. ಮುತ್ಯಾ ಬಿಟ್ಟುಹೋದದ್ದು 3 ಎಕರೆ 20 ಗುಂಟೆ ಅನ್ನಿ. ಆಯಿ (ಅವನ ಹೆಂಡತಿ) ಮೊದಲೇ ಹೋಗಿದ್ದಾಳೆ, ಇಬ್ಬರು ಗಂಡು, ಇಬ್ಬರು ಹೆಣ್ಣು, ತಲಾ 35 ಗುಂಟೆ. ದಾವೆ ಸಾಕ್ಷಿಯ ಹಂತಕ್ಕೆ ಬರುವಾಗ ಹಿರಿಯ ಮಗ ತೀರಿಕೊಂಡ. 90 ದಿನದಲ್ಲಿ ಅವನ ವಾರಸುದಾರರನ್ನು ದಾವೆಗೆ ಸೇರಿಸಬೇಕು. ಹೆಂಡತಿ, ನಾಲ್ಕು ಮಕ್ಕಳು, ತಲಾ 7 ಗುಂಟೆ. ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ, ಮೇಲ್ಮನವಿ, ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇರುವುದರಿಂದ ಬೆಂಗಳೂರಿನ ರೈಲು ಖರ್ಚು ಉಳಿತಾಯ. ಕೊನೆಗೆ ಪಾಲು ಬೇರ್ಪಡಿಸಲು ಸರ್ವೆಯವರು ಬಂದು, ತೊಗರಿ ನಡುವೆ ನಿಂತು ಅಳೆದು ಕಲ್ಲು ನೆಡಿಸುತ್ತಾರೆ. ಹೊಲದ ಬಂಡಿದಾರಿ ಒಬ್ಬ ಮೊಮ್ಮಗನ 7 ಗುಂಟೆಯೊಳಗೆ ಬಿತ್ತು. ದಾರಿಗೆ ಅವನು ಬೇಲಿ ಹಾಕಿದ್ದಾನೆ, ಅದರ ದಾವೆಗೆ ಬೇರೆ ನಂಬರ್ ಬಿದ್ದಿದೆ.