ಬೀಳದ ಬೆಂಡೋಲೆ

ನಮ್ಮ ಊರಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದಾಳೆ ಎಂದರೆ ಕಾರಣ ಒಂದೇ: ಚಿನ್ನ ಬಿದ್ದಿದೆ. ಬೇರೆ ಕಾರಣವೂ ಇರಬಹುದೆಂದು ನಾನು ಹೇಳಿ ನೋಡಿದೆ. ಊರು ಒಪ್ಪಲಿಲ್ಲ. ಆ ಸಿಟ್ಟು ಇನ್ನೂ ಬಿಸಿಯಾಗಿದೆ. ಆರುವ ಮೊದಲೇ ಬರೆದುಬಿಡುತ್ತೇನೆ.

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಬಸ್ ತಂಗುದಾಣವಿದೆ. ಎಂಟೂ ಮುಕ್ಕಾಲರ ಬಸ್ಸು ಒಂಬತ್ತಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಎಂಟೂವರೆಗೇ ಬಂದು ನಿಲ್ಲುತ್ತೇವೆ. ಉಳಿದವರು ಆ ಅರ್ಧ ಗಂಟೆಯನ್ನು ಮೊಬೈಲಿಗೆ ಕೊಡುತ್ತಾರೆ. ನಾನು ಬೆಂಚಿನ ಕೆಳಗಿನ ನೆಲಕ್ಕೆ ಕೊಡುತ್ತೇನೆ. ಅಲ್ಲಿ ಮಳೆಯ ಎರಚಲೂ ತಾಗದ ಮೂಲೆಯೊಂದಿದೆ. ಮುರಕಲ್ಲಿನ ಕೆಂಪು ಪುಡಿ ನುಣ್ಣಗೆ ಬಂದು ಸೇರಿಕೊಂಡಿದೆ. ಆ ಪುಡಿಯಲ್ಲಿ ಪುಟ್ಟ ಪುಟ್ಟ ಆಲಿಕೆಗಳನ್ನು ಒತ್ತಿ ತೆಗೆದ ಹಾಗೆ ಸಾಲಾಗಿ ಕುಳಿಗಳಿವೆ. ಒಂದೊಂದು ಕುಳಿಯ ತಳದಲ್ಲಿ ಒಬ್ಬೊಬ್ಬ ಯಜಮಾನ: ಕುಳಿಯಾನೆ.

ಈ ಕುಳಿಯಾನೆಯ ಬಗ್ಗೆ ನಿಮಗೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಹೇಳಲು ತೊಡಗಿದರೆ ನಿಲ್ಲಿಸಲೂ ಆಗುವುದಿಲ್ಲ ಎಂದು ನನ್ನ ಮನೆಯವರು ಹೇಳುತ್ತಾರೆ. ಇರಲಿ. ಅದು ಮರಿಹುಳು. ಬೆಳೆದ ಮೇಲೆ ತೆಳು ರೆಕ್ಕೆ ಬಂದು, ಏರೋಪ್ಲೇನ್ ಚಿಟ್ಟೆಯೇನೋ ಎಂದು ಜನ ಮೋಸ ಹೋಗುವ ಕೀಟವಾಗುತ್ತದೆ. ಆದರೆ ಏರೋಪ್ಲೇನ್ ಚಿಟ್ಟೆಯ ಮೀಸೆ ಕಂಡೂ ಕಾಣದಷ್ಟು ಗಿಡ್ಡ. ಇದಕ್ಕೆ ತುದಿ ದಪ್ಪಗಾದ ಉದ್ದ ಮೀಸೆ. ಮರಿಹುಳುವಾಗಿದ್ದಾಗ ಅದಕ್ಕೆ ಮುಂದಕ್ಕೆ ನಡೆಯಲು ಬರುವುದಿಲ್ಲ, ಹಿಂದಕ್ಕೆ ಮಾತ್ರ. ಹಿಂದೆ ಹಿಂದೆ ಸುತ್ತು ಬರುತ್ತ, ತಲೆಯಿಂದ ಮಣ್ಣು ಚಿಮ್ಮುತ್ತ ಕುಳಿ ತೋಡುತ್ತದೆ. ಕುಳಿಯ ಇಳಿಜಾರು ಎಷ್ಟು ಲೆಕ್ಕಾಚಾರದ್ದೆಂದರೆ, ಇನ್ನೊಂದು ಕಣ ಜಾಸ್ತಿಯಾದರೂ ಕುಸಿಯಬೇಕು. ಇರುವೆ ಅಂಚಿಗೆ ಕಾಲಿಟ್ಟಿತೋ, ಕುಸಿಯಿತು. ಹತ್ತಿ ಹೋಗಲು ನೋಡಿದರೆ ಕೆಳಗಿನಿಂದ ಮಣ್ಣು ಎರಚಿ ಬೀಳಿಸುತ್ತದೆ. ಟೊಳ್ಳು ದವಡೆಯಿಂದ ರಸ ಹೀರಿ, ಸಿಪ್ಪೆಯನ್ನು ಹೊರಗೆಸೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಗತಿ ಇನ್ನು ಮುಂದೆ: ಈ ಮರಿಹುಳುವಿನ ಹೊಟ್ಟೆಗೆ ಹಿಂದುಗಡೆ ಬಾಗಿಲು ಇಲ್ಲ. ತಿಂದದ್ದರ ಕಸವನ್ನೆಲ್ಲ ಒಳಗೇ ಕಟ್ಟಿಟ್ಟುಕೊಂಡು, ರೆಕ್ಕೆ ಬಂದ ಮೇಲೆ ಒಮ್ಮೆಗೇ ವಿಲೇವಾರಿ ಮಾಡುತ್ತದೆ. ಈ ವಿಷಯವನ್ನು ನಾನು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳಿದ್ದೆ. ಆಗಷ್ಟೇ ಅವರ ಎಲೆಗೆ ಪಾಯಸ ಬಿದ್ದಿತ್ತು.

ನಾನು ಆಟಿಸಂ ಇರುವವಳು. ಅದು ಗೊತ್ತಾದದ್ದು ತಡವಾಗಿ, ಮಗಳಿಗೆಂದು ಮಂಗಳೂರಿಗೆ ಹೋದವಳಿಗೆ. ಅಲ್ಲಿನ ಮನಶ್ಶಾಸ್ತ್ರಜ್ಞೆ ಮಗಳನ್ನು ಮಾತನಾಡಿಸುತ್ತ ಮಾತನಾಡಿಸುತ್ತ ನನ್ನ ಕಡೆ ತಿರುಗಿದರು. ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಲಕ್ಷಣಗಳ ಪಟ್ಟಿ ಇದೆ. ಶಬ್ದ, ಬೆಳಕು, ಸ್ಪರ್ಶ ಅತಿಯಾಗಿ ಕಾಡುವುದು ಒಂದು: ಬಸ್ಸಿನ ಹಾರನ್ ನನಗೆ ಕಿವಿಯಲ್ಲಲ್ಲ, ಹಲ್ಲಿನಲ್ಲಿ ಕೇಳುತ್ತದೆ. ತೀವ್ರತೆಯಲ್ಲಿ ಅಸಹಜವೆನಿಸುವ ಆಸಕ್ತಿ ಇನ್ನೊಂದು. ನನಗೆ ಇದರ ಬಗ್ಗೆ ತಕರಾರಿದೆ. ನಮ್ಮ ಪಕ್ಕದ ತೋಟದವರು ದಿನ ಬೆಳಗಾದರೆ ಅಡಿಕೆ ಧಾರಣೆ ಕೇಳುತ್ತಾರೆ. ಹಳೆ ಅಡಿಕೆ ಎಷ್ಟು, ಹೊಸತು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸಾವಿನ ಮನೆಗೆ ಹೋದಾಗಲೂ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರನ್ನು ಯಾರೂ ಮಂಗಳೂರಿಗೆ ಕರೆದುಕೊಂಡು ಹೋಗಲಿಲ್ಲ. ಅವರು ‘ವ್ಯವಹಾರಸ್ಥರು’.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆ ದಿನ ಮೊಬೈಲಿಗೆ ಬರುವ ಪೋಸ್ಟರುಗಳಲ್ಲೆಲ್ಲ ಒಂದು ಮಗು ಇರುತ್ತದೆ. ಆ ಮಗು ಮುಂದೆ ದೊಡ್ಡದಾಗಿ, ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತ, ಬಸ್ಸಿಗೆ ಕಾಯುವಾಗ ಬೆಂಚಿನ ಕೆಳಗೆ ಬಗ್ಗುತ್ತದೆ ಎಂಬುದನ್ನು ಯಾರೂ ಪೋಸ್ಟರು ಮಾಡುವುದಿಲ್ಲ.

ದೊಡ್ಡವರು ಪ್ರಕೃತಿ ನೋಡಲೇಬಾರದು ಎಂದೇನೂ ಇಲ್ಲ, ಪರವಾನಗಿ ಬೇಕು ಅಷ್ಟೆ. ಕುಂಬಳೆಯ ಹತ್ತಿರದ ಕಿದೂರಿಗೆ ಹಕ್ಕಿ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಮೊಳದುದ್ದದ ಲೆನ್ಸು, ಹಸಿರು ಟೋಪಿ, ಹತ್ತಾರು ಜೇಬುಗಳ ಅಂಗಿ. ಅವರು ಪೊದೆಯ ಮುಂದೆ ಉಸಿರು ಬಿಗಿಹಿಡಿದು ಗಂಟೆಗಟ್ಟಲೆ ನಿಂತರೂ ಊರಿನವರು ಸದ್ದು ಮಾಡದೆ ದಾಟಿ ಹೋಗುತ್ತಾರೆ. ನನ್ನ ಹತ್ತಿರ ಲೆನ್ಸು ಇಲ್ಲ. ಹತ್ತಿ ಸೀರೆ, ಊಟದ ಡಬ್ಬಿಯ ಚೀಲ ಮಾತ್ರ.

ಇನ್ನು ಮಾಸ್ತರರ ಕಥೆ.

ಅವರು ನಿವೃತ್ತರು, ಒಳ್ಳೆಯವರು. ಒಳ್ಳೆಯವರೆಂಬುದೇ ಕಷ್ಟ. ಕೆಟ್ಟವರಾಗಿದ್ದರೆ ಒಂದು ಮಾತು ಬೈದು ಮುಗಿಸಬಹುದಿತ್ತು. ಆ ದಿನ ನನ್ನ ಕುಳಿಯಾನೆಯೊಂದು ತನಗಿಂತ ದೊಡ್ಡ ಗೊದ್ದ ಇರುವೆಯೊಂದನ್ನು ಹಿಡಿದಿತ್ತು. ಗೊದ್ದ ಅರ್ಧ ಮೇಲೆ ಬಂದಿತ್ತು, ಮಣ್ಣು ಚಿಮ್ಮುತ್ತಿತ್ತು, ಯಾರು ಗೆಲ್ಲುತ್ತಾರೆಂದು ಹೇಳಲಾಗದ ಹೊತ್ತು. ಮೇಲಿನಿಂದ ದನಿ ಬಂತು: “ಏನಮ್ಮ, ಬಿದ್ದದ್ದು ಏನು?”

“ಏನೂ ಬೀಳಲಿಲ್ಲ,” ಎಂದೆ.

“ಕಿವಿಯದ್ದೋ, ಕತ್ತಿನದ್ದೋ?”

“ಎರಡೂ ಅಲ್ಲ, ಮಾಸ್ತರರೇ. ಕುಳಿಯಾನೆ ನೋಡುತ್ತಿದ್ದೇನೆ.”

ನಾನು ನಿಜ ಹೇಳಿದ್ದೇ ಎಡವಟ್ಟಾಯಿತು. ಅವರು ಒಂದು ಕ್ಷಣ ನನ್ನನ್ನು ನೋಡಿ, ಆಚೀಚೆ ನೋಡಿ, ದನಿ ತಗ್ಗಿಸಿದರು. “ಹೆದರಬೇಡಿ. ಮನೆಯಲ್ಲಿ ನಾನು ಹೇಳುವುದಿಲ್ಲ.” ಅಷ್ಟು ಹೇಳಿ, ತಗ್ಗಿಸಿದ ದನಿಯನ್ನು ಹಾಗೆಯೇ ಎತ್ತಿ, ಇಡೀ ತಂಗುದಾಣಕ್ಕೆ ಕೇಳುವಂತೆ ಘೋಷಿಸಿದರು: “ಯಾರೂ ಕಾಲು ಅಲ್ಲಾಡಿಸಬೇಡಿ. ಚಿನ್ನ ಬಿದ್ದಿದೆ.”

ಎಲ್ಲರೂ ಕಾಲು ಅಲ್ಲಾಡಿಸಿದರು.

ಮಲಯಾಳದಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ, ಬ್ಯಾರಿ ಭಾಷೆಯಲ್ಲಿ ಪ್ರಶ್ನೆಗಳು ಬಂದವು. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಭಾಷಣಗಳಲ್ಲಿ ಹೆಮ್ಮೆಪಡುವುದು ಸುಮ್ಮನೆ ಅಲ್ಲ. ಎಲ್ಲ ಭಾಷೆಗಳಲ್ಲೂ ನನ್ನ ಕಿವಿಯನ್ನೇ ನೋಡಿದರು. ಕಿವಿಯಲ್ಲಿ ಎರಡೂ ಬೆಂಡೋಲೆಗಳಿದ್ದವು. ಕತ್ತಿನಲ್ಲಿ ಕರಿಮಣಿ ಇತ್ತು. “ಹಾಗಾದರೆ ಬೆಂಡೋಲೆಯ ತಿರುಪು ಇರಬೇಕು,” ಎಂದರು ಮಾಸ್ತರರು. ಮೀನಿನ ಬುಟ್ಟಿ ಇಳಿಸಿ ನಿಂತಿದ್ದಾಕೆ ನನ್ನ ಕಿವಿಯ ಹಿಂದೆ ಕೈ ಹಾಕಿ ಪರೀಕ್ಷಿಸಿದಳು. ಮುಟ್ಟಿದರೆ ನನಗೆ ಆಗುವುದಿಲ್ಲ. ಮುಟ್ಟಿದರೆ ಮುನಿ ಗಿಡಕ್ಕಾದರೆ ಎಲೆ ಮಡಚಿಕೊಳ್ಳುವ ಸೌಲಭ್ಯವಿದೆ. ನಾನು ನಿಂತಲ್ಲೇ ಬಿಗಿದುಕೊಂಡೆ. “ಪಾಪ, ಗಾಬರಿಯಾಗಿದ್ದಾಳೆ,” ಎಂದು ಎಲ್ಲರಿಗೂ ಖಾತ್ರಿಯಾಯಿತು.

ಮಾಸ್ತರರು ಶಾಲೆಯ ಆಟದ ಬಯಲನ್ನು ಹಂಚುತ್ತಿದ್ದ ಕ್ರಮದಲ್ಲೇ ತಂಗುದಾಣವನ್ನು ಹಂಚಿದರು. ಕಾಲೇಜಿನ ಹುಡುಗರಿಗೆ ಚರಂಡಿಯ ಬದಿ, ಆಟೋದವರಿಗೆ ರಸ್ತೆಯ ಅಂಚು, ಬೆಂಚಿನ ಕೆಳಗಿನ ಜಾಗ ತಮಗೆ. ಛತ್ರಿಯ ತುದಿಯಿಂದ ಕೆರೆದರು. ಒಂದೊಂದಾಗಿ ವಸ್ತುಗಳು ಹೊರಬಂದವು, ಪ್ರತಿಯೊಂದನ್ನೂ ಎತ್ತಿ ಹಿಡಿದು “ಇದಾ?” ಎಂದು ಕೇಳಿದರು. ಸೋಡಾ ಬಾಟಲಿಯ ಮುಚ್ಚಳ. ಇದಾ? ತಲೆಯ ಕ್ಲಿಪ್ಪು. ಇದಾ? ಎರಡು ರೂಪಾಯಿಯ ನಾಣ್ಯ. ಇದಾ? ಯಾರದೋ ಹಲ್ಲುಕುಳಿಗೆ ತುಂಬಿಸಿದ್ದ ಸಿಮೆಂಟಿನ ತುಂಡಿರಬೇಕು, ಅದನ್ನೂ ಕನ್ನಡಕ ಏರಿಸಿ ನೋಡಿ, ಆಸೆಯಿಂದ ಕೇಳಿದರು: ಇದಾ? ಅಲ್ಲ, ಅಲ್ಲ ಎನ್ನುತ್ತ ನಾನು ಕೆಳಗೆ ನೋಡುತ್ತಿದ್ದೆ. ಕುಳಿ ಒಂದೂ ಉಳಿದಿರಲಿಲ್ಲ. ಗೊದ್ದ ಗೆದ್ದಿತೋ, ಕುಳಿಯಾನೆ ಗೆದ್ದಿತೋ ಎಂಬುದು ಮಾಸ್ತರರ ಚಪ್ಪಲಿಗೆ ಮಾತ್ರ ಗೊತ್ತು. ಒಂಬತ್ತಕ್ಕೆ ಬರುವ ಎಂಟೂ ಮುಕ್ಕಾಲರ ಬಸ್ಸು ಅವತ್ತು ಎಂಟೂ ಮುಕ್ಕಾಲಕ್ಕೇ ಬಂದು, ಎಲ್ಲರೂ ಬಗ್ಗಿರುವುದನ್ನು ಕಂಡು, ಹತ್ತುವವರಿಲ್ಲವೆಂದು ಹೋಯಿತು. ಅದಕ್ಕೂ ನಾನೇ ಕಾರಣವಂತೆ.

ಮರುದಿನದಿಂದ “ಸಿಕ್ಕಿತಾ?” ಶುರುವಾಯಿತು. ರಸ್ತೆಯ ಆಚೆ ಬದಿಯಿಂದ, ಆಟೋದ ಒಳಗಿನಿಂದ, ದೇವಸ್ಥಾನದ ಊಟದ ಸಾಲಿನಿಂದ. ಇಲ್ಲ ಎಂದರೆ ಮರುಕ, ಏನೂ ಕಳೆದಿರಲಿಲ್ಲ ಎಂದರೆ ಕಣ್ಣು ಮಿಟುಕಿಸಿ ಇನ್ನಷ್ಟು ಮರುಕ.

ನನ್ನ ಅಪ್ಪ ಹಾಗೆ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಪದವು, ಬೇಸಿಗೆಯಲ್ಲಿ ಕಾಲು ಸುಡುವ ಆ ಬರಡು ಮುರಕಲ್ಲು, ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಹಸಿರಾಗುತ್ತಿತ್ತು. ಆಗಸ್ಟ್ ಹೊತ್ತಿಗೆ ನೀಲಿ ಹೂವು ಹಾಸುತ್ತಿತ್ತು. ಓಣಂ ಬಂತೆಂದು ಮಕ್ಕಳು ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕುಯ್ಯುವ ಆ ಸಾಧು ಹೂವಿನ ಗಿಡ, ಕೆಳಗೆ ಒದ್ದೆ ಮಣ್ಣಿನಲ್ಲಿ ಕಂಡೂ ಕಾಣದಷ್ಟು ಸಣ್ಣ ಚೀಲಗಳನ್ನಿಟ್ಟುಕೊಂಡು ಜೀವಿಗಳನ್ನು ಹೀರಿ ತಿನ್ನುತ್ತದೆ. ಅದರ ಪಕ್ಕದಲ್ಲೇ ಡ್ರಾಸೆರಾ, ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊತ್ತು ನುಸಿಗೆ ಕಾಯುವ ಗಿಡ. ಸಾರವಿಲ್ಲದ ಕಲ್ಲಿನ ಮೇಲೆ ಬದುಕಬೇಕಾದರೆ ಹೊಟ್ಟೆಗೆ ಬೇರೆ ದಾರಿ ನೋಡಬೇಕಲ್ಲ. ನಾನು ಅಲ್ಲಿ ಹೊಟ್ಟೆ ಅಡಿಯಾಗಿ ಮಲಗಿದರೆ ಅಪ್ಪ ನನ್ನ ಮೇಲೆ ಮಳೆಗೆ ಹೊದೆಯುವ ಗೊರಬು ಕವುಚಿ ತೋಟಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕರೆಯುವಾಗ ಒಂದೇ ಪ್ರಶ್ನೆ: “ತಿಂದಿತಾ?” ಗಿಡ ನುಸಿಯನ್ನು ತಿಂದಿತೇ ಎಂದು. ಈಗ ಆ ಪದವಿನ ಅರ್ಧವನ್ನು ಯಂತ್ರಗಳು ಮನೆ ಕಟ್ಟುವ ಕಲ್ಲಾಗಿ ಕುಯ್ದು ಲಾರಿಗೆ ತುಂಬಿಸಿವೆ. ಉಳಿದ ಅರ್ಧಕ್ಕೆ ನಾನು ಈಗಲೂ ಹೋಗುತ್ತೇನೆ. ಅಲ್ಲಿ ಮಲಗಿದ್ದನ್ನು ಕಂಡ ಕಲ್ಲಿನ ಲಾರಿಯವನೊಬ್ಬ ನೀರು ತಂದು ಮುಖಕ್ಕೆ ಚಿಮುಕಿಸಿದ.

ಕುಳಿಯಾನೆಗಳು ನನ್ನಷ್ಟು ನೊಂದುಕೊಳ್ಳಲಿಲ್ಲ. ಮಣ್ಣು ಸಡಿಲವಾಗಿದ್ದರೆ ಅವು ಮತ್ತೆ ತೋಡುತ್ತವೆ. ಕಳೆದ ವಾರ ಬೆಂಚಿನ ಕೆಳಗೆ ಬಗ್ಗಿದಾಗ, ಗೋಡೆಯ ಬುಡದಲ್ಲಿ ಹೊಸ ಕುಳಿ, ಅಂಚಿನಲ್ಲಿ ಆಗಷ್ಟೇ ಎಸೆದ ಇರುವೆಯ ಸಿಪ್ಪೆ. ಸರಿಯಾಗಿ ಆ ಹೊತ್ತಿಗೆ ಬೆನ್ನ ಹಿಂದಿನಿಂದ ಬಂತು: “ಸಿಕ್ಕಿತಾ?”

“ಸಿಕ್ಕಿತು!” ಎಂದೆ. ಸಿಕ್ಕಿತ್ತಲ್ಲ!

ಮಾಸ್ತರರು ಕೈ ಮುಗಿದರು. ನನಗಲ್ಲ, ಆಕಾಶಕ್ಕೆ. ಅವರ ಕಣ್ಣಿನಲ್ಲಿ ನಿಜವಾಗಿ ನೀರಿತ್ತು. ತುಳುನಾಡಿನಲ್ಲಿ ಕಳೆದದ್ದು ಸಿಗಬೇಕಾದರೆ ದೈವ ಕೊರಗಜ್ಜನಿಗೆ ಹೇಳಿಕೊಳ್ಳುವುದು ವಾಡಿಕೆ, ಚಕ್ಕುಲಿ, ವೀಳ್ಯದೆಲೆ ಒಪ್ಪಿಸುತ್ತೇವೆಂದು. ಮಾಸ್ತರರು ಮೊದಲ ದಿನವೇ ನನ್ನ ಹೆಸರಿನಲ್ಲಿ ಹೇಳಿಕೊಂಡಿದ್ದರು. ಹರಕೆ ಹೇಳಿದ್ದು ಅವರು, ತೀರಿಸಬೇಕಾದವಳು ನಾನು. ಕಳೆಯದೇ ಇದ್ದ ವಸ್ತು ಸಿಕ್ಕಿದ್ದಕ್ಕೆ ಹರಕೆ ಸಲ್ಲುತ್ತದೆಯೇ ಎಂದು ಕೇಳಿದೆ. ಲೆಕ್ಕ ಬರೆಯುವವಳು, ಬಾಬತ್ತು ಸ್ಪಷ್ಟವಿರಬೇಕು. “ಅಜ್ಜನ ಹತ್ತಿರ ವಾದ ಮಾಡಬಾರದು,” ಎಂದರು.

ನಿನ್ನೆ ಸಂಜೆ ಬೇಕರಿಗೆ ಹೋದೆವು. ಮಾಸ್ತರರೂ ಬಂದರು, ಕೊಡುವುದನ್ನು ಕಣ್ಣಾರೆ ನೋಡಬೇಕೆಂದು. ಕಾಲು ಕಿಲೋ ಚಕ್ಕುಲಿ ಕಟ್ಟಿ ಎಂದೆ.

“ಕಾಲು ಕಿಲೋವಾ?” ಮಾಸ್ತರರಿಗೆ ನಾಚಿಕೆಯಾಯಿತು. ಅಂಗಡಿಯವನ ಕಡೆ ತಿರುಗಿ, “ಒಂದು ಕಿಲೋ ಮಾಡಿ. ಕಡಿಮೆಯೆಂದರೂ ಒಂದು ಪವನಿನದ್ದು,” ಎಂದರು.